ಇಪ್ಪತ್ತೈದಕ್ಕೆ ಹನ್ನೊಂದು

ಹಾಸಿಗೆಯ ಮೇಲೆ ಎರಡು ಸೀರೆಗಳಿದ್ದವು. ಎರಡೂ ತನ್ನ ಮೇಲೆ ಏನೋ ಆಪಾದನೆ ಹೊರಿಸುತ್ತಿವೆಯೆಂಬಂತೆ ಯಶೋಧರಾ ಅವುಗಳ ಮುಂದೆ ನಿಂತಿದ್ದಳು. ಒಂದು ಅವಳೇ ಮೈಸೂರಿನಿಂದ ತಂದ ಬೂದು ಬಣ್ಣದ್ದು, ವಿಚಾರ ಸಂಕಿರಣಗಳಲ್ಲಿ ಯಾರ ಕಣ್ಣಿಗೂ ಬೀಳದೆ ಗೌರವ ಗಿಟ್ಟಿಸುವಂಥದು. ಇನ್ನೊಂದು ತಂಗೆವ್ವ ಕಾಕಿ ಬನಹಟ್ಟಿಗೆ ಹೋಗಿ, ನೇಕಾರರ ಕಟ್ಟೆಯ ಮೇಲೆ ಕೂತು, ನಲವತ್ತು ಸೀರೆ ಕೆದರಿಸಿ ಆರಿಸಿ ತಂದದ್ದು: ಕೆಂಪು ಸೆರಗು, ಅಂಗೈ ಅಗಲದ ದಡಿ. ಬೂದು ಉಟ್ಟರೆ, ದೊಡ್ಡ ಊರು ಸೇರಿ ಸೊಕ್ಕು ಬಂತು ಅನ್ನುತ್ತಾರೆ. ಕೆಂಪು ಉಟ್ಟರೆ, ಎಷ್ಟು ಓದಿದರೂ ನಮ್ಮ ಮಗಳು ಬದಲಾಗಲಿಲ್ಲ ನೋಡ್ರಿ ಅನ್ನುತ್ತಾರೆ. ಜನ ಜನರನ್ನು ಒಂದೇ ನೋಟಕ್ಕೆ ಹೇಗೆ ಅಚ್ಚಿಗೆ ಹಾಕಿಬಿಡುತ್ತಾರೆ ಎಂಬುದನ್ನು ಇಪ್ಪತ್ತೆರಡು ವರ್ಷ ಅಳೆದು, ಕೋಷ್ಟಕ ಹಾಕಿ, ನಾಲ್ಕು ದೇಶಗಳ ಪತ್ರಿಕೆಗಳಲ್ಲಿ ಅಚ್ಚು ಮಾಡಿಸಿದ ಸಮಾಜ ಮನೋವಿಜ್ಞಾನಿ ಈಗ ಜಮಖಂಡಿಯ ಈ ಕೋಣೆಯಲ್ಲಿ ಒಂದು ಸೀರೆ ಆರಿಸಲಾಗದೆ ನಿಂತಿದ್ದಾಳೆ ಎಂಬುದು ಅವಳಿಗೇ ನಗು ತರಿಸಿತು. ನಗು ತುಟಿಯವರೆಗೆ ಬಂದು ಅಲ್ಲೇ ಒಣಗಿತು. ಸೀರೆಯದು ಬರೀ ನೆಪ. ಚೀಲದಲ್ಲಿದ್ದ ತನ್ನ ಸಂಶೋಧನೆಯ ನಾಲ್ಕನೇ ಅಧ್ಯಾಯದ್ದು ನಿಜವಾದ ಕಿರಿಕಿರಿ.

“ಮುತ್ತಿ, ಇನ್ನೂ ಆಗಿಲ್ಲೇನ? ನಿಮ್ಮ ಕಾಕಾ ಆಗಲೇ ಗಾಡ್ಯಾಗ ಕುಂತಾರ,” ಎಂದು ಬಾಗಿಲಲ್ಲಿ ಕಾಕಿ. ಅವಳನ್ನು ಮುತ್ತಿ ಎಂದು ಕರೆಯುವವಳು ಈಗ ಜಗತ್ತಿನಲ್ಲಿ ಇವಳೊಬ್ಬಳೇ. ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು ಮುತ್ತವ್ವ, ಅಜ್ಜಿಯದು. ಗಲಗಲಿಯ ಶಾಲೆಗೆ ಹೆಸರು ಹಚ್ಚಿಸುವ ದಿನ ಅಪ್ಪ ಕುರಿ ಹಿಂಡಿನ ಸಂಗಡ ಎಲ್ಲೋ ದೂರದ ಹೊಲದಲ್ಲಿದ್ದ. ಹಾಲಸಿದ್ದಪ್ಪ ಕಾಕಾನೇ ಕೈಹಿಡಿದು ಕರೆದೊಯ್ದರು. ಆ ಶಾಲೆಗೆ ಅವರೇ ಮಾಸ್ತರರು, ಅವತ್ತಿನ ಮಟ್ಟಿಗೆ ಅವರೇ ಪಾಲಕರು. ದಾಖಲೆ ಪುಸ್ತಕ ತೆರೆದು, ಪೆನ್ನು ಜಾಡಿಸಿ, ಅವಳ ಮುಖವನ್ನೊಮ್ಮೆ ಅಳೆಯುವಂತೆ ನೋಡಿ, ಯಶೋಧರಾ ಎಂದು ಬರೆದರು. ಆ ಕಾಲದ ಮಾಸ್ತರರಿಗೆ ಅದೊಂದು ರೂಢಿ. ಬೀರಪ್ಪ ಎಂದು ಒಳಗೆ ಹೋದವನು ವಿಜಯನಾಗಿ ಹೊರಗೆ ಬರುತ್ತಿದ್ದ. ಕೇಳಿದರೆ, ಕರೆಯಲಿಕ್ಕೆ ಸಸಾರ ಆಗಲಿ ಅಂತ, ಎನ್ನುತ್ತಿದ್ದರು. ಯಾರಿಗೆ ಸಸಾರ ಎಂದು ಯಾರೂ ಕೇಳುತ್ತಿರಲಿಲ್ಲ. ಆರು ವರ್ಷದ ಮುತ್ತವ್ವ ಮಾತ್ರ ಮುಂದೆ ಒಂದು ತಿಂಗಳು, ಹಾಜರಿ ಕೂಗಿದಾಗಲೆಲ್ಲ, ಆ ಯಶೋಧರಾ ಎಂಬ ಹುಡುಗಿ ಎಲ್ಲಿ ಕೂತಿದ್ದಾಳೆಂದು ಹಿಂದೆ ತಿರುಗಿ ನೋಡುತ್ತಿದ್ದಳು. ಪಾಪ, ದಿನಾ ಶಾಲೆ ತಪ್ಪಿಸುತ್ತಾಳೆ ಎಂದುಕೊಂಡಿದ್ದಳು.

ಬೂದು ಸೀರೆಯನ್ನೇ ಉಟ್ಟಳು. ಕಾಕಿ ಕೆಂಪು ಸೀರೆಯ ಮಡಿಕೆ ಮುರಿಯದಂತೆ ಎತ್ತಿ ಪೆಟ್ಟಿಗೆಯಲ್ಲಿಟ್ಟಳು.

ಕಾರು ನಡೆಸುತ್ತಿದ್ದವನು ಕಾಕಾನ ಮಗ ಸಂಜು. ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಇವತ್ತು ಅಕ್ಕನ ಸನ್ಮಾನವೆಂದು ರಜೆ ಹಾಕಿ ಬಂದಿದ್ದ. ಅವನ ಪಕ್ಕದಲ್ಲಿ ಕಾಕಾ, ಎಪ್ಪತ್ತಾರರ ನೆಟ್ಟಗಿನ ಬೆನ್ನು, ಬಿಳಿ ನೆಹರೂ ಅಂಗಿ, ಕಿಸೆಯಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ನಿವೃತ್ತರಾಗಿ ಹದಿನಾರು ವರ್ಷವಾದರೂ ಕೆಂಪು ಪೆನ್ನು ನಿವೃತ್ತವಾಗಿರಲಿಲ್ಲ. ಮದುವೆಯ ಕರೆಯೋಲೆ ಬಂದರೂ ಮೊದಲು ತಪ್ಪು ತಿದ್ದಿ ಆಮೇಲೆ ಮದುವೆಗೆ ಹೋಗುತ್ತಿದ್ದರು. ಯಶೋಧರಾ ಹಿಂದಿನ ಸೀಟಿನಿಂದ ಆ ಪೆನ್ನಿನ ಮುಚ್ಚಳವನ್ನೇ ನೋಡುತ್ತಿದ್ದಳು. ಏಳನೇ ಇಯತ್ತೆಯಲ್ಲಿ ಅದೇ ಕಿಸೆಯ ಕೆಂಪು ಶಾಯಿ ಅವಳ ‘ನಮ್ಮೂರ ಹೊಳೆ’ ಎಂಬ ಪ್ರಬಂಧದ ಮೇಲೆ ಇಳಿದಿತ್ತು. ಹೊಳೆ ದಾಟುವಾಗ ಕುರಿಗಳು ಮೊದಲು ಒಲ್ಲೆ ಅನ್ನುತ್ತವೆ, ಒಂದು ಇಳಿದರೆ ಎಲ್ಲವೂ ಇಳಿಯುತ್ತವೆ, ಆದರೆ ಮೊದಲು ಇಳಿದ ಕುರಿಯನ್ನು ಆಚೆ ದಂಡೆಯಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ, ಎಂದು ಅವಳು ಬರೆದಿದ್ದಳು. ಆ ಸಾಲಿನ ಪಕ್ಕ ಕಾಕಾ ‘ಭೇಷ್’ ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು, ಇಪ್ಪತ್ತೈದಕ್ಕೆ ಇಪ್ಪತ್ತು ಕೊಟ್ಟು, ಬೀಳಗಿಯ ತಾಲೂಕು ಸ್ಪರ್ಧೆಗೆ ಕಳಿಸಿದ್ದರು. ಆ ಹಾಳೆ ಇವತ್ತಿಗೂ ಅವಳ ಪ್ರಮಾಣಪತ್ರಗಳ ಫೈಲಿನಲ್ಲಿದೆ, ಎಲ್ಲಕ್ಕಿಂತ ಮೇಲೆ.

ಆರು ವರ್ಷದ ಹಿಂದೆ ಅವಳು ಅದೇ ಪ್ರಬಂಧವನ್ನು ಮತ್ತೆ ಹೊರತೆಗೆದಳು. ಪ್ರಯೋಗ ಬಲು ಸರಳ. ನಾಲ್ಕು ತಾಲೂಕಿನ ಅರವತ್ತು ಮಾಸ್ತರರಿಗೆ, ಕೆಲಸದಲ್ಲಿದ್ದವರಿಗೂ ನಿವೃತ್ತರಾದವರಿಗೂ, ಒಂದೊಂದು ಪಾಕೀಟು. ಪಾಕೀಟಿನಲ್ಲಿ ಏಳನೇ ಇಯತ್ತೆಯ ಹತ್ತು ಪ್ರಬಂಧ. ಅಂಕ ಹಾಕುವ ಪದ್ಧತಿಯ ಬಗ್ಗೆ ಅಧ್ಯಯನವೆಂದು ಹೇಳಲಾಗಿತ್ತು, ಸಂಶೋಧಕಿಯೆಂದು ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಹತ್ತರಲ್ಲಿ ಒಂಬತ್ತು ಸುಮ್ಮನೆ ಸೇರಿಸಿದವು. ಹತ್ತನೆಯದು ‘ನಮ್ಮೂರ ಹೊಳೆ’, ಬೇರೆ ಮಗುವಿನ ಅಕ್ಷರದಲ್ಲಿ ನಕಲು ಮಾಡಿಸಿದ್ದು. ಮೂವತ್ತು ಪಾಕೀಟಿನಲ್ಲಿ ಅದರ ತಲೆಯ ಮೇಲೆ ಯಶೋಧರಾ ಎಂದಿತ್ತು, ಉಳಿದ ಮೂವತ್ತರಲ್ಲಿ ಮುತ್ತವ್ವ ಎಂದಿತ್ತು. ಅಷ್ಟೇ ವ್ಯತ್ಯಾಸ. ಯಶೋಧರಾಳಿಗೆ ಸರಾಸರಿ ಹದಿನೇಳು ಬಂತು, ಮುತ್ತವ್ವಳಿಗೆ ಹದಿಮೂರು. ಇದು ಮೂರನೇ ಅಧ್ಯಾಯ, ಮತ್ತು ಇದನ್ನು ಕೇಳಿ ಅವಳ ಕುರಿಗಾರ ಸಮಾಜದ ಹಿರಿಯರೆಲ್ಲ ತಲೆದೂಗಿದ್ದರು. ನಾಲ್ಕನೇ ಅಧ್ಯಾಯದಲ್ಲಿ ಅವಳು ಆ ಮಾಸ್ತರರನ್ನು ಸಮಾಜದ ಪ್ರಕಾರ ಬೇರ್ಪಡಿಸಿ ನೋಡಿದ್ದಳು. ಮುತ್ತವ್ವಳಿಗೆ ಎಲ್ಲರಿಗಿಂತ ಕಡಿಮೆ ಕೊಟ್ಟವರು ಮುತ್ತವ್ವಳ ಸಮಾಜದವರೇ, ಕುರಿ ಹಿಂಡಿನ ಹಿಂದಿನಿಂದ ಎದ್ದುಬಂದು ಮಾಸ್ತರರಾದವರು, ಬೀರೇಶ್ವರನ ಭಂಡಾರದ ಅರಿಶಿನ ಹಣೆಗಿಟ್ಟುಕೊಂಡು ಶಾಲೆಗೆ ಹೋಗುವವರು. ಹನ್ನೆರಡಕ್ಕೂ ಕೆಳಗೆ.

ಮಾಸ್ತರರನ್ನು ಆರಿಸಲು ಚೀಟಿ ಎತ್ತಿದಾಗ ಮೂವತ್ತೊಂದನೇ ಚೀಟಿಯಲ್ಲಿ ಕಾಕಾನ ಹೆಸರು ಬಂದಿತ್ತು. ಕೈಬಿಡಬಹುದಿತ್ತು, ರಕ್ತಸಂಬಂಧಿ ಎಂದರೆ ಯಾರೂ ಕೇಳುತ್ತಿರಲಿಲ್ಲ. ಚೀಟಿಯನ್ನು ತಿರಸ್ಕರಿಸುವುದು ಶಾಸ್ತ್ರಕ್ಕೆ ಅಪಚಾರವೆಂದು ತನಗೆ ತಾನೇ ಹೇಳಿಕೊಂಡಳು. ಖರೆ ಅಂದರೆ ಅವಳಿಗೆ ನೋಡಬೇಕಾಗಿತ್ತು. ಪಾಕೀಟು ತಿರುಗಿ ಬಂದ ದಿನ ಬಾಗಿಲು ಹಾಕಿಕೊಂಡು ಹತ್ತನೇ ಹಾಳೆಯನ್ನೇ ಮೊದಲು ಎಳೆದಳು. ಮುತ್ತವ್ವ. ಇಪ್ಪತ್ತೈದಕ್ಕೆ ಹನ್ನೊಂದು. ಕುರಿಗಳ ಸಾಲಿನ ಪಕ್ಕ, ಅದೇ ಕೆಂಪು, ಅಡಿಯಲ್ಲಿ ಅದೇ ಎರಡು ಗೆರೆ: ‘ವಿಷಯಾಂತರ’.

ಮುಂದೆ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೇಲರು, ಎರಡರಿಂದಲೂ ಕಬ್ಬು ರಸ್ತೆಯ ಆಚೀಚೆ ಮೀಸೆ ಬಿಟ್ಟಿತ್ತು. ಅದರ ಸ್ಪೀಕರಿನಿಂದ ಹೊರಟ ಹಾಡು ಕಾರಿನ ಗಾಜು ನಡುಗಿಸುತ್ತಿತ್ತು. ಸಂಜು ಎರಡು ಸಲ ದಾಟಲು ಹೋಗಿ ಬಿಟ್ಟುಕೊಟ್ಟ. “ನಾಲ್ಕನೇ ಅಧ್ಯಾಯ ಇವತ್ತ ಬ್ಯಾಡ,” ಎಂದರು ಕಾಕಾ, ಟ್ರೇಲರಿಗೇ ಹೇಳಿದಂತೆ. “ಪುಸ್ತಕದಾಗೂ ಬ್ಯಾಡ.”

ಅವಳಿಗೆ ಗೊತ್ತಿತ್ತು, ಈ ಮಾತು ಬರುತ್ತದೆಂದು. ಸಮಾಜದವರು ಅವಳ ಸಂಶೋಧನೆಯನ್ನು ಕನ್ನಡದಲ್ಲಿ ಪುಸ್ತಕ ಮಾಡುವವರಿದ್ದರು. ಮುನ್ನುಡಿ ಕಾಕಾನದು, ಅದಕ್ಕೆಂದು ಅಧ್ಯಾಯಗಳ ಸಾರಾಂಶವಷ್ಟೇ ಅವರ ಕೈ ಸೇರಿತ್ತು; ಸಮಾಜದ ಅಧ್ಯಕ್ಷರೂ ಅವರೇ. ಇವತ್ತು ಬೀಳಗಿಯಲ್ಲಿ ಸನ್ಮಾನ, ಉಪನ್ಯಾಸ. “ಯಾಕ್ರಿ ಕಾಕಾ?” ಎಂದಳು.

“ಮೂರು ಅಧ್ಯಾಯದ ತನಕಾ ಮಂದಿ ನಮ್ಮನ್ನ ಹೆಂಗ ನೋಡ್ತಾರ ಅಂತ ಬರದೀ. ಛಲೋ ಬರದೀ. ನಾಲ್ಕನೇದ್ರಾಗ ನಮ್ಮ ಮಾಸ್ತರಗೋಳಽ ನಮ್ಮ ಹುಡುಗರನ್ನ ಕೆಳಗ ತುಳೀತಾರ ಅಂತ ಬರದೀ. ನಾಳೆ ಮಂದಿ ಅದೊಂದಽ ಹಾಳಿ ಹರಕೊಂಡು ತಿರುಗ್ಯಾಡ್ತಾರ. ನೋಡ್ರಪಾ, ಇವರಿಗೆ ಇವರ ಮ್ಯಾಲೇ ಭರೋಸಾ ಇಲ್ಲಂತ.”

“ಖರೆ ಇದ್ರ?”

“ಖರೆ ಇರೂದೆಲ್ಲಾ ಮೈಕಿನ್ಯಾಗ ಹೇಳ್ಬೇಕಂತ ಐತೇನು?” ಆಮೇಲೆ, ಆ ಮಾಸ್ತರರು ಯಾರು ಯಾರು, ಹೆಸರು ಹೇಳು, ಒಬ್ಬೊಬ್ಬರ ಕಿವಿ ಹಿಂಡುತ್ತೇನೆ ಎಂದರು. ಹೆಸರು ಹೇಳುವ ಹಾಗಿಲ್ಲ, ನಂಬರು ಮಾತ್ರ ಎಂದು ಅವಳು ಹೇಳಿದಳು. ಗೌಪ್ಯತೆಯ ನಿಯಮ ಇಷ್ಟು ಹಿತವಾಗಿ ಯಾವತ್ತೂ ನೆರವಿಗೆ ಬಂದಿರಲಿಲ್ಲ.

“ಅಪ್ಪಾ, ನಿನ್ನ ನಂಬರೂ ಇರಬೇಕ ಅದ್ರಾಗ,” ಎಂದ ಸಂಜು, ಕನ್ನಡಿಯಲ್ಲಿ ಅಕ್ಕನ ಕಡೆ ಕಣ್ಣು ಮಿಟುಕಿಸಿ.

ಕಾಕಾ ನಕ್ಕರು. “ಇದ್ರ ಇರ್ಲಿ. ಬಂದಿತ್ತಲ್ಲ ಒಂದು ಪಾಕೀಟ. ನಾ ಏನು ಕೊಟ್ಟೇನಿ, ತೂಗಿ ಕೊಟ್ಟೇನಿ. ಮೂವತ್ತಾರು ವರ್ಷ ತಕ್ಕಡಿ ಹಿಡದ ಕೈ ಇದು.” ಆ ಕೈ ಎತ್ತಿ ತೋರಿಸಿದರು. ಯಶೋಧರಾ ಕಿಟಕಿಯ ಕಡೆ ತಿರುಗಿದಳು. ಹೇಳಿಬಿಡಬಹುದಿತ್ತು. ಅದೇ ಕೈ, ಕಾಕಾ. ಹೇಳಲಿಲ್ಲ. ಅದು ದಯೆಯೋ ಹೇಡಿತನವೋ ಎಂದು ತೂಗಿ ನೋಡಲು ಅವಳ ಹತ್ತಿರ ತಕ್ಕಡಿಯೇ ಇರಲಿಲ್ಲ. ಇದ್ದ ತಕ್ಕಡಿ ಧಾರವಾಡದಲ್ಲೇ ಮುರಿದಿತ್ತು, ಸಂಶೋಧನೆಗೆ ಸೇರಿದ ಮೊದಲ ವಾರದಲ್ಲಿ. ಹೊಸಬರು ಆರು ಜನ, ಗುರುಗಳು ಆರು ಜನರಿಗೂ ಒಂದೊಂದು ಉತ್ತರಪತ್ರಿಕೆ ಕೊಟ್ಟು ಇಪ್ಪತ್ತೈದಕ್ಕೆ ಅಂಕ ಹಾಕಿರಿ ಎಂದಿದ್ದರು. ಅವಳ ಪತ್ರಿಕೆಯ ಮೇಲೆ ಹುಲೆಪ್ಪ ಎಂದಿತ್ತು. ಓದುತ್ತ ಓದುತ್ತ ಅವಳಿಗೆ ಹುಲೆಪ್ಪನ ಬಗ್ಗೆ ಕನಿಕರ ಬಂತು. ಪಾಪ, ಹಳ್ಳಿಯ ಹುಡುಗ, ಮನೆಯಲ್ಲಿ ಹೇಳಿಕೊಡುವವರಿಲ್ಲ. ಕನಿಕರದಿಂದಲೇ ಒಂಬತ್ತು ಕೊಟ್ಟಳು. ಪಕ್ಕದವಳು ಅದೇ ಪತ್ರಿಕೆಗೆ, ಬೇರೆ ಹೆಸರಿನಡಿ, ಹದಿನಾರು ಕೊಟ್ಟಿದ್ದಳು. ಗುರುಗಳು ಹಲಗೆಯ ಮೇಲೆ ಬರೀ ಅಂಕೆಗಳನ್ನು ಬರೆದು, ಯಾರದು ಯಾವುದೆಂದು ಹೇಳದೆ, ಕೈಯ ಸೀಮೆಸುಣ್ಣದ ಪುಡಿ ಝಾಡಿಸಿಕೊಂಡು ಹೊರಟುಹೋದರು. ಆ ಒಂಬತ್ತರಿಂದ ಅವಳ ಇಡೀ ವೃತ್ತಿ ಹುಟ್ಟಿತು. ಪುಸ್ತಕದ ಪ್ರಸ್ತಾವನೆಯಲ್ಲಿ ಮಾತ್ರ ‘ಬಾಲ್ಯದಿಂದಲೂ ಈ ವಿಷಯದಲ್ಲಿ ನನಗೆ ಆಸಕ್ತಿಯಿತ್ತು’ ಎಂದು ಬರೆದುಕೊಂಡಿದ್ದಳು.

ಮೈಸೂರಿನವರು ಅವಳನ್ನು ಹಾಕಿದ ಅಚ್ಚಿನ ಬಗ್ಗೆ ಅವಳು ಧಾರಾಳವಾಗಿ ಬರೆದಿದ್ದಳು. ಅವಳು ಕಲಿಸುವ ಅಲ್ಲಿನ ವಿಭಾಗದಲ್ಲಿ ಊಟದ ಕೂಟವೆಂದರೆ ಹನ್ನೊಂದು ವರ್ಷದಿಂದ ಅವಳ ಪಾಲಿಗೆ ಜೋಳದ ರೊಟ್ಟಿ ಬರೆದಿರುತ್ತಿತ್ತು. ‘ನಿಮ್ಮ ಕಡೆಯವರ ಕೈ ಗಟ್ಟಿ ಅಲ್ಲವಾ ಮೇಡಂ.’ ಅವಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಬಡಿಯುವ ವಯಸ್ಸಿನಲ್ಲಿ ಕಾಕಾ ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ಪುಸ್ತಕದ ಮುಂದೆ ಕೂಡಿಸಿದ್ದರು. ಖಾನಾವಳಿಯಿಂದ ಮೂವತ್ತು ರೊಟ್ಟಿ ತರಿಸಿ, ಮನೆಯ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದಳು. ಅವರು ಆಹಾ ಎನ್ನುತ್ತಿದ್ದರು, ಇವಳು ನಗುತ್ತಿದ್ದಳು. ಅಚ್ಚು ಒಬ್ಬರು ಹಾಕುವುದಲ್ಲ, ಇನ್ನೊಬ್ಬರು ಬಟ್ಟೆ ಸುತ್ತಿ ಒಪ್ಪಿಸುವುದೂ ಹೌದು, ಎಂಬ ಸಾಲು ಅವಳ ಯಾವ ಲೇಖನದಲ್ಲಿಯೂ ಇಲ್ಲ.

“ಕೇಳ ಇಲ್ಲೆ,” ಎಂದರು ಕಾಕಾ, ಈ ಸಲ ಹಿಂದೆ ತಿರುಗಿ. ದನಿ ತಗ್ಗಿತ್ತು, ಭಯ ಹುಟ್ಟಿಸುವುದೇ ಅದು. “ನೀ ಅದನ್ನ ಓದಿದ್ರ ನಾ ಆ ವೇದಿಕಿ ಮ್ಯಾಲ ಕುಂಡ್ರಂಗಿಲ್ಲ. ಎದ್ದ ಹೋಗ್ತೇನಿ. ನಿನ್ನ ಸಂಶೋಧನಾ ನನಗ ಹೇಳಬ್ಯಾಡ. ಹೆಸರಿನಾಗ ಏನೈತಿ ಅಂತ ನಾ ನಿನಗಿಂತ ಮೊದಲ ತಿಳಕೊಂಡೇನಿ. ನೀ ಇಪ್ಪತ್ತು ವರ್ಷ ತಗೊಂಡಿ, ನನಗ ಒಂದು ಪೆನ್ನು ಸಾಕಾತು.”

ಟ್ರ್ಯಾಕ್ಟರು ಕಾರ್ಖಾನೆಯ ದಾರಿಗೆ ತಿರುಗಿತು, ಹಾಡು ದೂರವಾಯಿತು.

ಬೀಳಗಿಯ ಸಭಾಭವನದ ಬಾಗಿಲಲ್ಲಿ ಹಣೆಗೆ ಭಂಡಾರ ಹಚ್ಚಿದರು. ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು, ಮುಂದಿನ ಸಾಲು ಬ್ಯಾಂಕಿನವರು, ತಹಸೀಲ ಕಚೇರಿಯವರು, ಮಾಸ್ತರರು, ಹಿಂದಿನ ಸಾಲು ತಲೆಗೆ ರುಮಾಲು ಸುತ್ತಿದವರು. ನಿರೂಪಣೆ ಪರಮೇಶನದು, ಕಾಲೇಜು ಉಪನ್ಯಾಸಕ, ಮೈಕು ಕಂಡರೆ ಪ್ರಾಸ ಹುಟ್ಟುವ ಮನುಷ್ಯ. ಹಾಲಿನಂಥ ಮನಸ್ಸಿನವರು ನಾವು, ಮುಗ್ಧರು ನಾವು, ಕೊಟ್ಟ ಮಾತಿಗೆ ತಪ್ಪದವರು ನಾವು, ಎಂದು ಅವನು ಹೇಳುತ್ತಿದ್ದಂತೆ ಅವಳು ಅಭ್ಯಾಸಬಲದಿಂದ ವಿಶೇಷಣಗಳನ್ನು ಎಣಿಸಿದಳು. ಹದಿನಾಲ್ಕು. ಇದೂ ಅಚ್ಚೇ, ಬೆಲ್ಲ ಹೊಯ್ದದ್ದು ಅಷ್ಟೇ. ಮುಗ್ಧ ಎಂದು ಹೊಗಳಿಸಿಕೊಂಡ ಹುಡುಗನಿಗೆ ಗಣಿತದಲ್ಲಿ ಎಷ್ಟು ಅಂಕ ನಿರೀಕ್ಷಿಸುತ್ತಾರೆಂದು ಅವಳ ಎರಡನೇ ಅಧ್ಯಾಯದಲ್ಲಿ ಕೋಷ್ಟಕವಿತ್ತು.

ಅವಳಿಗಿಂತ ಮೊದಲು ಮಾತಾಡಿದ ರೇವಪ್ಪ ಎಂಬ ಹಿರಿಯರು ಇಪ್ಪತ್ತು ನಿಮಿಷವಾದರೂ ಮುಗಿಸಲಿಲ್ಲ. ಆಗ ಪರಮೇಶ ಒಂದು ಉಪಾಯ ಮಾಡಿದ. ಅವರ ಮಾತಿನ ನಡುವೆಯೇ ಸನ್ಮಾನದ ಕಂಬಳಿ ಹಿಡಿದು ಹಿಂದಿನಿಂದ ಬಂದು ಹೆಗಲಿಗೆ ಹೊದಿಸಿದ. ಸಭೆ ಚಪ್ಪಾಳೆ ತಟ್ಟಿತು, ಡೊಳ್ಳು ಎರಡು ಏಟು ಹೊಡೆಯಿತು, ರೇವಪ್ಪ ಅರ್ಧ ವಾಕ್ಯವನ್ನು ನುಂಗಿ ಕೈಮುಗಿದು ಕೂತರು. ಕಂಬಳಿ ಬಿದ್ದ ಮೇಲೆ ಮಾತಾಡುವವರಿಲ್ಲ. ಇಲ್ಲಿ ಹಾಗೆ ಯಾರನ್ನೂ ಸುಮ್ಮನಿರಿಸುವುದಿಲ್ಲ, ಸನ್ಮಾನಿಸುತ್ತಾರೆ.

ಅವಳು ಎದ್ದು ಮೈಕಿನ ಮುಂದೆ ನಿಂತಳು. ಮೊದಲ ಮೂರು ಅಧ್ಯಾಯವನ್ನು ಹತ್ತು ನಿಮಿಷದಲ್ಲಿ ಹೇಳಿದಳು. ತಲೆದೂಗಿದರು, ಮುಂದಿನ ಸಾಲಿನವರು ತಮಗೆ ಆದ ಅವಮಾನಗಳನ್ನು ನೆನೆದುಕೊಂಡು ಪಕ್ಕದವರ ತೊಡೆ ತಟ್ಟಿದರು. ಇಲ್ಲಿಗೇ ನಿಲ್ಲಿಸಿದರೆ ಊಟಕ್ಕೆ ಹೋಗಬಹುದು. ಕಾಕಾ ಪಕ್ಕದಲ್ಲಿ ಕೂತು ಊಟ ಮಾಡುತ್ತಾರೆ. ಸಂಜೆ ಕಾಕಿ ಕೆಂಪು ಸೀರೆ ತೆಗೆಯುತ್ತಾಳೆ. ಎಲ್ಲ ಸರಿಯಿರುತ್ತದೆ, ಮತ್ತು ಆ ಮುತ್ತವ್ವ ಎಂಬ ಹುಡುಗಿಗೆ ಹನ್ನೊಂದು ಹನ್ನೊಂದಾಗಿಯೇ ಉಳಿಯುತ್ತದೆ. ಅವಳು ಹಾಳೆ ತಿರುವಿದಳು.

“ಇನ್ನ ನಾಲ್ಕನೇ ಅಧ್ಯಾಯ,” ಎಂದಳು. ಇಷ್ಟು ಹೊತ್ತು ಪುಸ್ತಕದ ಕನ್ನಡದಲ್ಲಿದ್ದ ಬಾಯಿ ತಾನಾಗಿ ಮನೆಯ ಕನ್ನಡಕ್ಕೆ ಇಳಿದಿತ್ತು. ಎಡಗಡೆ ಕಾಕಾನ ಕುರ್ಚಿ ಕಿರುಗುಟ್ಟಿತು. ನೋಡಲಿಲ್ಲ. ಅಂಕೆಗಳನ್ನು ಓದಿದಳು. ನಮ್ಮ ಮಾಸ್ತರರು ನಮ್ಮ ಹೆಸರಿಗೆ ಕೊಟ್ಟದ್ದು ಎಲ್ಲರಿಗಿಂತ ಕಡಿಮೆ ಎಂದಳು. ಮುಂದಿನ ಸಾಲು ತಲೆದೂಗುವುದನ್ನು ನಿಲ್ಲಿಸಿತು. ಯಾರೋ ಕೆಮ್ಮಿದರು, ಕೆಮ್ಮು ಬಾರದ ಕೆಮ್ಮು. ಅಧ್ಯಾಯದಲ್ಲಿ ಉದಾಹರಣೆಯೆಂದು ಕೊಟ್ಟಿದ್ದ ಸಾಲು ಬಂತು: ಹೊಳೆ ದಾಟುವ ಕುರಿಗಳ ಸಾಲು, ಮತ್ತು ಅದರ ಪಕ್ಕ ಒಬ್ಬ ಮಾಸ್ತರರು ಬರೆದ ‘ವಿಷಯಾಂತರ’ ಎಂಬ ಮಾತು. ಅದನ್ನು ಓದುವಾಗ ಧ್ವನಿ ಸಮವಾಗಿಯೇ ಇತ್ತು. ಎಡಗಡೆಯಿಂದ ಬರುತ್ತಿದ್ದ ಉಸಿರಿನ ಸಪ್ಪಳ ಮಾತ್ರ ನಿಂತಿತು.

ಆಗಲೇ ಹೆಗಲ ಮೇಲೆ ಭಾರ ಬಿತ್ತು. ಕಂಬಳಿ. ಪರಮೇಶ ಹಿಂದಿನಿಂದ ಬಂದು, ಬಲು ಮೃದುವಾಗಿ, ಎರಡೂ ಹೆಗಲ ಮೇಲೆ ಹೊದಿಸಿದ. ಚಪ್ಪಾಳೆ ಬಿತ್ತು, ಬೇಕಾದದ್ದಕ್ಕಿಂತ ಜೋರಾಗಿ. ಡೊಳ್ಳು ಎರಡು ಏಟಿನ ಬದಲು ಎಂಟು ಹೊಡೆಯಿತು. ಹೊಸ ಕರಿ ಕಂಬಳಿ, ಉಣ್ಣೆಯ ಕಮಟು ವಾಸನೆ, ಕುತ್ತಿಗೆಗೆ ಚುಚ್ಚುವ ಕೂದಲು. ಅಪ್ಪನ ಮೈವಾಸನೆ. ಅದರ ಕೆಳಗೆ ಬೂದು ಸೀರೆ ಉಟ್ಟಿದ್ದಾಳೋ ಕೆಂಪೋ ಯಾರಿಗೂ ಕಾಣುತ್ತಿರಲಿಲ್ಲ. ಸಭೆ ಅವಳು ಕೈಮುಗಿಯುವುದನ್ನು ಕಾಯುತ್ತಿತ್ತು. ಅವಳು ಕಂಬಳಿಯ ಎರಡೂ ಅಂಚು ಹಿಡಿದು ಮೈಗೆ ಬಿಗಿಯಾಗಿ ಎಳೆದುಕೊಂಡಳು, ಬೆಳಗಿನ ಚಳಿಗೆ ಅಪ್ಪ ಎಳೆದುಕೊಳ್ಳುತ್ತಿದ್ದ ಹಾಗೆ, ಮೈಕನ್ನು ಒಂದು ಗೇಣು ಕೆಳಗೆ ಬಗ್ಗಿಸಿದಳು.

“ಇನ್ನೂ ಮುಗದಿಲ್ರಿ,” ಎಂದಳು.

ಪರಮೇಶ ಅವಳ ಕಿವಿಯ ಹತ್ತಿರ, ಮೇಡಂ ಊಟ ಆರಾಕತ್ತೈತ್ರಿ, ಎಂದ. ಆರಲಿ ಎಂದಳು. ಅದೂ ಮೈಕಿನಲ್ಲಿ ಕೇಳಿಸಿತು, ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಕಿಸಕ್ಕನೆ ನಕ್ಕಳು. ಯಶೋಧರಾ ಹಾಳೆ ಕೆಳಗಿಟ್ಟಳು. ಮುಂದಿನದು ಹಾಳೆಯಲ್ಲಿರಲಿಲ್ಲ.

“ಈ ಅರವತ್ತು ಮಂದಿಗಿಂತ ಮೊದಲ ಇನ್ನೊಬ್ಬರದಾರ. ಅವರ ನಂಬರ ನಾ ಪುಸ್ತಕದಾಗ ಹಾಕಿಲ್ಲ. ಧಾರವಾಡದಾಗ ಒಂದು ಪೇಪರ ಬಂತು, ಮ್ಯಾಲ ಹುಲೆಪ್ಪ ಅಂತ ಹೆಸರು. ಅದನ್ನ ಓದಿ ನಾ ಒಂಬತ್ತು ಕೊಟ್ಟೆ. ನಾನಽ ಕೊಟ್ಟೆ. ಹೆಸರು ಬ್ಯಾರೆ ಇದ್ರ ಹದಿನಾರು ಬರ್ತಿತ್ತು, ಬಂತೂ ಕೂಡ. ನನ್ನ ತೊಟ್ಟಿಲ ಹೆಸರು ಮುತ್ತವ್ವ. ಆ ಹೊಳಿ ಪ್ರಬಂಧ ನಂದು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಡಗಡೆ ಕುರ್ಚಿ ಹಿಂದೆ ಸರಿಯಿತು. ಕಾಕಾ ಎದ್ದು ನಿಂತಿದ್ದರು. ಹೇಳಿದಂತೆ ಹೋಗುತ್ತಾರೆ ಎಂದುಕೊಂಡಳು, ಹೋಗಲಿ ಎಂದೂ ಅಂದುಕೊಂಡಳು. ಪರಮೇಶ ಓಡಿ ಬಂದು, ಕಾಕಾನವರ ಕೈಹಿಡಿದು ಮೆಟ್ಟಿಲ ಕಡೆ ಕರೆದೊಯ್ಯಲು ನೋಡಿದ.

“ಕೈ ಬಿಡೋ,” ಎಂದರು ಕಾಕಾ. “ಹೋಗಿ ಕುಂಡ್ರು. ಓದಾಕತ್ತಾಳ, ಕಾಣಂಗಿಲ್ಲೇನು?” ಎರಡು ಹೆಜ್ಜೆ ಮುಂದೆ ಬಂದು ಮೈಕಿನ ಪಕ್ಕ ನಿಂತರು. ಮುಖ ಒಡ್ಡಿನ ಮಣ್ಣಿನ ಹಾಗೆ ಒಣಗಿತ್ತು. ಕೈ ತಾನಾಗಿ ಕಿಸೆಗೆ ಹೋಗಿ ಕೆಂಪು ಪೆನ್ನನ್ನು ಮುಟ್ಟಿ ನೋಡಿ, ಅಲ್ಲಿಯೇ ನಿಂತಿತು. ಅವಳ ಕಡೆ ತಿರುಗದೆ, ಹಿಂದಿನ ಸಾಲಿನ ರುಮಾಲುಗಳನ್ನು ನೋಡುತ್ತ, ತರಗತಿಗೆ ಹೇಳುವ ದನಿಯಲ್ಲಿ ಹೇಳಿದರು. “ಆ ವಿಷಯಾಂತರ ಬರದಾಂವ ನಾನು. ಮೂವತ್ತಾರು ವರ್ಷ ಮಾಸ್ತರಕಿ ಮಾಡೇನಿ. ಗುರುತು ಹಿಡೀಲಿಲ್ಲ.” ಆಮೇಲೆ ಅವಳ ಕಡೆ ತಿರುಗಿದರು.

“ನಾ ಹನ್ನೊಂದು ಕೊಟ್ಟಿದ್ದೆ,” ಎಂದರು. “ನಿನಗಿಂತ ಎರಡ ಜಾಸ್ತಿ.”

ತಿರುಗಿ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು, ಬೆನ್ನು ನೆಟ್ಟಗೆ. ಅವಳು ಕಂಬಳಿ ಸರಿಪಡಿಸಿಕೊಂಡು ಹಾಳೆ ಎತ್ತಿಕೊಂಡು ತಿರುವಿದಳು.